ಬೊಟ್ಟಿಟ್ಟ ಕಲ್ಲು ಕಂಡಲ್ಲಿ ತಿರುಗಬೇಕು

ನವೆಂಬರ್ 24, ಸೋಮವಾರ. ಬೆಳಿಗ್ಗೆ 5-40

ಎದ್ದೆ. ಚಹಾ ಆಯಿತು. ಸೈಕಲ್ಲಿಗೆ ಗಾಳಿ ಹೊಡೆದೆ. ಇಡೀ ಹಿಂದೂಸ್ತಾನದಲ್ಲಿ ಸೈಕಲ್ ಟ್ಯೂಬಿಗೆ ಬಾಯಿಂದ ಊದಿ ಗಾಳಿ ತುಂಬಬಲ್ಲ ಗಂಡಸು ನಾನೊಬ್ಬನೇ. ಇವತ್ತು ಪಂಪು ಬಳಸಿದ್ದು ಪಂಪಿಗೆ ತುಕ್ಕು ಹಿಡಿಯಬಾರದು ಅಂತ, ಅಷ್ಟೇ.

5-40 ಅಂದರೆ 5-40. ಅಣ್ಣನ ಮಗಳು ದೀಪಿಕಾ ಮೊದಲ ಪಗಾರದಲ್ಲಿ ಕೊಡಿಸಿದ ಗಡಿಯಾರ. ಕತ್ತಲಲ್ಲಿ ಮುಳ್ಳು ಹಸಿರಾಗಿ ಹೊಳೆಯುತ್ತದೆ. ಊರಲ್ಲಿ ಸೂರ್ಯ ಏಳುವುದು ನನ್ನ ಮುಂಗೈ ನೋಡಿಯೇ. ಮೊಬೈಲ್ ನೋಡಿ ಟೈಮು ಬರೆಯುವವರು ಬೇರೆ ಜಾತಿ.

ಅದೇ ದೀಪಿಕಾ ಸಂಜೆ ಬರುತ್ತಾಳಂತೆ. ಏನೋ ಕೆಲಸವಿದೆಯಂತೆ ನನ್ನಿಂದ. ಇರಲೇಬೇಕು.

ಅದೇ ದಿನ. ರಾತ್ರಿ 8-10

ಬಂದಳು. ಕೊಪ್ಪಳದಲ್ಲಿ ಪ್ರವಾಸದ ಒಂದು ಸ್ಕೀಮಿನಲ್ಲಿ ಅವಳದು ಕಾಂಟ್ರಾಕ್ಟ್ ಕೆಲಸ. ಉಂಡು, ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಚಿತ್ರ ತೋರಿಸಿದಳು.

“ಕಾಕಾ, ಪರದೇಶದಾಗ ಹಳ್ಳಿ ಹಳ್ಳಿಗೆ ಹಳೇ ಚರ್ಚು ಅದಾವ. ಅವನ್ನೆಲ್ಲಾ ಒಂದ ಸೈಕಲ್ ದಾರಿಗೆ ಪೋಣಿಸ್ಯಾರ. ಮಂದಿ ಮೆಲ್ಲಕ ತುಳಕೋತ ನೋಡಕೋತ ಹೋಗತಾರ. ನಮ್ಮ ಕಲ್ಲಗುಡಿ ಅದಕ್ಕಿಂತ ಹಳೇವು. ಕುಕನೂರಿಂದ ಇಟಗಿ ತನಕ, ನಡುವಿನ ಸಣ್ಣ ಸಣ್ಣ ಗುಡಿ ಎಲ್ಲಾ ಹಿಡದು ಒಂದು ದಾರಿ ಮಾಡೂಣು.”

“ಆ ಗುಡಿ ಕಟ್ಟೂವಾಗ ನಾ ಅಲ್ಲೇ ಇದ್ನೆವಾ.”

“ಸಾವಿರ ವರ್ಷ ಆತು ಕಾಕಾ.”

“ಅದಕ್ಕ ಸರಿಯಾಗಿ ನೆನಪಿಲ್ಲ.”

ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಮುಂದಿನ ತಿಂಗಳ ಒಂದು ರೈಡ್ ಇಟ್ಟಾರ. ಗುರುತು ನೋಡಕೋತ ಮಂದಿ ಇಟಗಿ ಮುಟ್ಟಬೇಕು. ಮುಟ್ಟಿದ್ರ ದಾರಿ ಪಾಸು, ನನ್ನ ಕೆಲಸಾನೂ ಉಳೀತು. ಇಲ್ಲಾಂದ್ರ ಡಿಸೆಂಬರ್ ಆಖೈರಿಗೆ ನನ್ನ ಟೇಬಲ್ ಖಾಲಿ.”

ಬಂಡಿದಾರಿಗಳು ಮೊಬೈಲಿನ ಮ್ಯಾಪಿಗೆ ಗೊತ್ತಿಲ್ಲ, ನನಗೆ ಗೊತ್ತು. ಹೀಗಾಗಿ ಗುರುತು ಹಾಕುವ ಕೆಲಸ ನನಗೆ. ತಿರುವು ಬಂದಲ್ಲೆಲ್ಲ ಕಲ್ಲಿನ ಮೇಲೆ ಹಳದಿ ಆಯಿಲ್ ಪೇಂಟಿನ ಬಾಣ. ಬಣ್ಣದ ರೊಕ್ಕ ಕೊಟ್ಟಳು, ಸಣ್ಣ ಪರ್ಸಿನಿಂದ. “ಬಿಲ್ ಮರೀಬ್ಯಾಡ ಕಾಕಾ.” ಸರ್ಕಾರದ ನೋಟು ಇಷ್ಟು ಸಣ್ಣಗೆ ಮಡಚಿದ್ದನ್ನು ಇದೇ ಮೊದಲು ಕಂಡದ್ದು.

ನವೆಂಬರ್ 26, ಬುಧವಾರ. ಬೆಳಿಗ್ಗೆ 6-05

ದಾರಿ ನೋಡಲು ಹೊರಟೆ. ಮಂಜು. ಎರೆ ಹೊಲದ ಮೇಲೆ ಹಾಲಿನ ಕೆನೆ ಹಾಗೆ ನಿಂತಿತ್ತು. ಬಿಳಿಜೋಳ ಎದೆ ಮಟ್ಟ. ಸೈಕಲ್ಲಿನ ಗಾಲಿ ಕಾಣುತ್ತಿರಲಿಲ್ಲ... ನೀರಿನ ಮೇಲೆ ತೇಲಿದ ಹಾಗೆ ತೇಲಿದೆ. ಪೆಡಲ್ ತುಳಿದದ್ದು ನೆನಪಿಲ್ಲ. ಗುಡಿಗಳೇ ಒಂದೊಂದಾಗಿ ನನ್ನ ಕಡೆ ಬಂದವು.

ಮೊದಲು ಹಳ್ಳದ ದಂಡೆಯ ಗುಡಿ. ಒಳಗೆ ಲಿಂಗ, ಹೊರಗೆ ಎಮ್ಮೆ. ಅದರ ಉಸಿರು ಹೊಗೆಯಾಡುತ್ತಿತ್ತು. ಆಮೇಲೆ ಬೇವಿನ ಬೇರು ನುಂಗಿದ ಗುಡಿ. ಬಾಗಿಲ ಮೇಲಿನ ಕಲ್ಲಿನ ಹೆಣ್ಣು ಕನ್ನಡಿ ನೋಡಿಕೊಳ್ಳುತ್ತಾಳೆ, ಮೂಗು ಹೋಗಿ ಯಾವ ಕಾಲವಾಯಿತೋ, ಇನ್ನೂ ನೋಡಿಕೊಳ್ಳುತ್ತಲೇ ಇದ್ದಾಳೆ. ಛಲ ಅಂದರೆ ಅದು. ಕಂಬಗಳನ್ನು ಮುಟ್ಟಿದೆ. ಎಣ್ಣೆ ಹಚ್ಚಿದ ಹಾಗೆ ನುಣುಪು, ತಣ್ಣಗೆ. ಕಂಬದಲ್ಲಿ ನನ್ನ ಮುಖ ಉದ್ದವಾಗಿ ಕಂಡಿತು. ಯಾರೋ ರಾಜನ ಮುಖದ ಹಾಗಿತ್ತು. ಸುಳ್ಳಲ್ಲ.

ಸಾವಿರ ಸಲ ಓಡಾಡಿದ ದಾರಿ. ಇವತ್ತೇ ನೋಡಿದ್ದು.

ಇಟಗಿ ಮುಟ್ಟಿದಾಗ ಬಿಸಿಲು. ದೊಡ್ಡ ಗುಡಿಯ ಹೊಂಡದ ಮೆಟ್ಟಿಲಲ್ಲಿ ಕೂತು ರೊಟ್ಟಿ ತಿಂದೆ. ದೀಪಿಕಾ ಹೇಳಿದ್ದು ಖರೆ. ಮಂದಿ ಬರುತ್ತಾರೆ.

ನವೆಂಬರ್ 28, ಶುಕ್ರವಾರ. ಸಂಜೆ 6-30

ಬಣ್ಣ ತರಲು ಕುಕನೂರಿಗೆ ಹೋದೆ. ಕ್ರಾಸಿನಲ್ಲಿ ವೆಂಕೋಬನ ಚಹಾದ ಹೋಟೆಲು. ಗೆಳೆಯ. ಎರಡು ಚೀಲ ಜೋಳದ ತೂಕ, ಮೂರು ಚೀಲದ ಮಾತು.

“ಏನಪಾ ಗುರುಬಸಪ್ಪ, ಸೈಕಲ್ ದಾರಿಗೆ ಗುರು ಆಗೀಯಂತ? ಆ ಏರು ಹತ್ತತೀಯೇನು ನನ್ನ ಹಿಂದ ಕುಂದ್ರಿಸಿಕೊಂಡು? ಕಾಲು ನೆಲಕ್ಕ ತಾಗಬಾರದು.”

“ನನ್ನ ಸೈಕಲ್ಲಿಗೆ ಏರು ಅಂದ್ರ ಇಳಿಜಾರು.”

“ಮಾತು ಬ್ಯಾಡ. ಶರತ್ತು ಇಡು.”

ಹೋಟೆಲು ಪೂರಾ ಎದ್ದು ಹೊರಗೆ ಬಂತು. ಮುಕ್ಕಾಲು ಏರು ಹತ್ತಿದ್ದೆ. ದೇವರಾಣೆ. ಒಂದು ಪಾತರಗಿತ್ತಿ ಅಡ್ಡ ಬಂತು. ಜೀವ ತೆಗೆಯಬಾರದಲ್ಲ, ಕಾಲು ಕೊಟ್ಟೆ.

ಇನ್ನೂರು ಹೋಯಿತು. ಇರಲಿ. ಸರ್ಕಾರವೇನು ಬಡವಾ?

ಡಿಸೆಂಬರ್ 4, ಗುರುವಾರ. ಹೊತ್ತು ಏರಿದ ಮೇಲೆ

ನಾಲ್ಕಾರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಗಡಿಯಾರ ರಿಪೇರಿಗೆ ಕೊಟ್ಟಿದ್ದೇನೆ. ನಮ್ಮ ಹಿರಿಯರಿಗೆ ಗಡಿಯಾರ ಎಲ್ಲಿತ್ತು? ನೆರಳು ನೋಡಿ ಬದುಕಿದರು.

ಆಯಿಲ್ ಪೇಂಟಿನ ವಿಚಾರ ಮಾಡಿದೆ. ಹಳದಿ ಬಣ್ಣ ಕಲ್ಲಿಗೆ ಒಪ್ಪುವುದಿಲ್ಲ, ನಾರುತ್ತದೆ, ಪರದೇಶದ ಬುದ್ಧಿ. ನಮ್ಮ ಕಲ್ಲಿಗೆ ನಮ್ಮ ಸುಣ್ಣ. ಬಿಳಿ ಸುಣ್ಣದ ಮೇಲೆ ಒಂದು ಕೆಮ್ಮಣ್ಣಿನ ಬೊಟ್ಟು. ಬಾಣ ಓದಲು ಸಾಲಿ ಕಲಿತಿರಬೇಕು, ಬೊಟ್ಟು ಎಮ್ಮೆಗೂ ಕಾಣುತ್ತದೆ. ಬೊಟ್ಟು ಯಾವ ಕಡೆ ಇದೆಯೋ ಆ ಕಡೆ ತಿರುಗಬೇಕು. ಇಂಥ ವಿಚಾರ ಏಳನೇ ಕ್ಲಾಸು ಓದಿದವನಿಗೆ ಮಾತ್ರ ಹೊಳೆಯುತ್ತದೆ. ಹೆಚ್ಚು ಓದಿದರೆ ಹೊಳೆಯುವುದಿಲ್ಲ.

ಒಂದು ಚೀಲ ಸುಣ್ಣ ತಂದು ಬಾನಿಯಲ್ಲಿ ಕುದಿಸಿಟ್ಟೆ. ಹೆಂಡತಿ ವಿರೂಪಾಕ್ಷಮ್ಮ ಬಂದು ಇಣುಕಿದಳು.

“ಇದೇನ್ರಿ, ಈಗ ಯಾಕ ಸುಣ್ಣ? ದೀಪಾವಳಿ ಮುಗದು ಹೋತು.”

“ಇದು ಆಯುರ್ವೇದದ ಬಣ್ಣ.”

ಅವಳು ಬಾನಿ ನೋಡಿದಳು, ನನ್ನ ಖಾಲಿ ಮುಂಗೈ ನೋಡಿದಳು. ಒಳಗೆ ಹೋದಳು.

ಡಿಸೆಂಬರ್ 9, ಮಂಗಳವಾರ. ದನ ಮನೆಗೆ ಬರುವ ಹೊತ್ತು

ಮುಗಿಯಿತು. ತಿರುವಿಗೊಂದು ಕಲ್ಲು. ಕೊನೆಯದು ಯಂಕವ್ವನ ಹೊಲದ ಬದುವಿನ ಹತ್ತಿರ. ಅಲ್ಲಿಂದ ಬಲಕ್ಕೆ ತಿರುಗಿದರೆ ಇಟಗಿ.

ಹಿಂದಿರುಗಿ ನೋಡಿದೆ. ಮುಳುಗುವ ಬಿಸಿಲಲ್ಲಿ ನನ್ನ ಬಿಳಿ ಕಲ್ಲುಗಳು ಕರಿ ಹೊಲಗಳ ನಡುವೆ ಒಂದೊಂದಾಗಿ ಹೊತ್ತಿಕೊಂಡವು. ಕೊಕ್ಕರೆಗಳು ಸಾಲಾಗಿ ನಿಂತು ದಾರಿ ತೋರಿಸಿದ ಹಾಗೆ. ಯಾಕೋ ಕಣ್ಣು ತುಂಬಿತು. ಸುಣ್ಣದ ಧೂಳು ಬಿದ್ದಿರಬೇಕು.

ಕುಕನೂರಿನ ಶರತ್ತಿನದು ಇನ್ನೂರಲ್ಲ, ಐನೂರು ಅಂತಿಟ್ಟುಕೊಳ್ಳೋಣ. ಆಮೇಲೂ ಒಂದೆರಡು ಸಲ ಏರು ಹತ್ತಿದ್ದೆ.

ಡಿಸೆಂಬರ್ 13, ಶನಿವಾರ

ದೀಪಿಕಾ ಫೋನು. “ಕಾಕಾ, ರೈಡ್ ಹತ್ತೊಂಬತ್ತಕ್ಕ ಇಟ್ಟಾರ. ಎಳ್ಳ ಅಮಾಸಿ ದಿನ! ನಾ ಬ್ಯಾಡ ಅಂದೆ. ನಮ್ಮ ಆಫೀಸಿನ ಮೇಡಂ ಮೈಸೂರ ಕಡ್ಯಾವ್ರು, ಅವ್ರಿಗೆ ಅದು ಬರೇ ಶುಕ್ರವಾರ. ತುಳಿಯೂ ಹುಡುಗ್ರು ಗಂಗಾವತಿ ಕಾಲೇಜಿನವ್ರು, ಗದ್ದಿ ನಾಡಿನವ್ರು, ಅವ್ರಿಗೂ ಈ ಹಬ್ಬ ಗೊತ್ತಿಲ್ಲ. ಊರ ಮಂದಿ ಎಲ್ಲಾ ಹೊಲದಾಗ ಇರ್ತಾರ, ದಾರಿ ಕೇಳಾಕ ರಸ್ತಾದಾಗ ಒಬ್ರೂ ಸಿಗಂಗಿಲ್ಲ. ಗುರುತು ಛಲೋ ಕಾಣತಾವಿಲ್ಲ?”

“ಕುರುಡ ಕೂಡ ಇಟಗಿ ಮುಟ್ಟತಾನ.”

“ನಾ ಇಟಗಿ ಗುಡಿ ಮುಂದ ಹಾರ ಹಿಡಕೊಂಡು ನಿಂತಿರ್ತೀನಿ. ನಿನ್ನ ಮ್ಯಾಲೆ ಬಿಟ್ಟೀನಿ ಕಾಕಾ.”

ಬಿಡಲಿ. ಹನುಮಂತನ ಮೇಲೆ ರಾಮ ಬಿಟ್ಟಿರಲಿಲ್ಲವೇ?

ಡಿಸೆಂಬರ್ 17, ಬುಧವಾರ. ಮಧ್ಯಾಹ್ನ

ಉಳಿದ ಸುಣ್ಣಕ್ಕೆ ಊರು ಮುಗಿಬಿತ್ತು. “ಭಾಳ ಬೆಳ್ಳಗೈತಿ ಗುರುಬಸಪ್ಪ, ಒಂದು ಚರಿಗಿ ಹಾಕು.” ಹಾಕಿದೆ. ಕೆಮ್ಮಣ್ಣೂ ಕೊಟ್ಟೆ. ಯಂಕವ್ವ ಎರಡು ಸಲ ಬಂದಳು. ಇಲ್ಲ ಅನ್ನುವ ಗುಣ ನಮ್ಮ ವಂಶದಲ್ಲಿಲ್ಲ. ಯಾತಕ್ಕೆ ಅಂತ ಕೇಳಲಿಲ್ಲ. ದಾನ ಕೊಡುವವನು ಕೇಳಬಾರದು.

ಉಂಡು ಮಲಗಿದೆ. ಕನಸು. ಐದು ಮಂದಿ ಐದು ಸೈಕಲ್ ಮೇಲೆ ಬಂದರು. ಬೆಳ್ಳಗೆ, ಮುಖವಿಲ್ಲ, ಹಣೆಯ ಮೇಲೆ ಕೆಂಪು ಬೊಟ್ಟು. ಮುಂದಿನವನು ಬೆಲ್ ಹೊಡೆದು “ಇಟಗಿ ಯಾವ ಕಡಿ?” ಅಂದ. ಹೇಳಲು ಬಾಯಿ ತೆಗೆದರೆ ಬಾಯಿ ತುಂಬ ಸುಣ್ಣ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಜೋಳದೊಳಗೆ ಹೋದರು. ಜೋಳ ಅಲುಗಿತು, ಮುಚ್ಚಿಕೊಂಡಿತು.

ಎದ್ದು ನೀರು ಕುಡಿದೆ. ಬದನೆಕಾಯಿ ಪಲ್ಯ ಜಾಸ್ತಿಯಾಗಿತ್ತು.

ಡಿಸೆಂಬರ್ 19, ಶುಕ್ರವಾರ. ಬೆಳಗು

ಎಲ್ಲ ಮುಗಿಯಿತು.

ಹೆಂಡತಿ ಬುಟ್ಟಿ ಹೊತ್ತು ಹೊಲಕ್ಕೆ ಹೊರಟಳು. ಒಂದು ಕೈಯಲ್ಲಿ ನನ್ನ ಸುಣ್ಣದ ಚರಿಗೆ, ಇನ್ನೊಂದರಲ್ಲಿ ಕೆಮ್ಮಣ್ಣು. “ಎಲ್ಲಿಗೆ ಅದು?” ಅಂದೆ.

“ಏನ್ ಮಾತ್ರಿ ಇದು! ಪಾಂಡವ್ರಿಗೆ ಹಚ್ಚಬ್ಯಾಡೇನು?”

ವರ್ಷ ವರ್ಷ ಎಳ್ಳಮಾಸಿಗೆ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು. ಸುಣ್ಣ ಬಳಿದು, ಕೆಮ್ಮಣ್ಣಿನ ಬೊಟ್ಟಿಟ್ಟು, ಪಾಂಡವರು ಅಂತ ಪೂಜೆ. ಹೊಲ ಹೊಲಕ್ಕೂ. ನಾನು ಹೋಗುವುದು ಉಣ್ಣುವ ಹೊತ್ತಿಗೆ. ಅಷ್ಟರಲ್ಲಿ ಎಲೆ ಹಾಕಿರುತ್ತಾರೆ. ಕಲ್ಲು ಯಾರು ನೋಡುತ್ತಾರೆ...

ಮಾಳಿಗೆ ಹತ್ತಿ ನೋಡಿದೆ. ಮಂಜಿನೊಳಗೆ ಹೊಲ ಹೊಲದಲ್ಲಿ ಬಿಳಿ ಕಲ್ಲು. ಎಲ್ಲವೂ ನನ್ನವೇ ಅನ್ನಿಸುವಷ್ಟು ಬೆಳ್ಳಗೆ. ನನ್ನದೇ ಸುಣ್ಣ.

ಕುಕನೂರಲ್ಲಿ ಸವಾರರು ಹೊರಟಿರಬೇಕು. ದೀಪಿಕಾಗೆ ಫೋನು ಹತ್ತುತ್ತಿಲ್ಲ. ಸೈಕಲ್ ತೆಗೆದೆ.

ಡಿಸೆಂಬರ್ 20, ಶನಿವಾರ. ಎಷ್ಟೊತ್ತೋ

ನಿನ್ನೆಯದು ಬರೆಯಲೇಬೇಕು.

ಕುಕನೂರ ಕಡೆಯಿಂದ ಬರುವ ಬಂಡಿದಾರಿಯಲ್ಲಿ ಗಾಲಿ ಗುರುತು ಇತ್ತು. ಸಾಲಾಗಿ ಬಂದದ್ದು ಮೊದಲ ಹೊಲದಲ್ಲಿ ಎರಡಾಗಿತ್ತು, ಮುಂದೆ ನಾಲ್ಕಾಗಿತ್ತು, ಆಮೇಲೆ ಕೋಳಿ ಕೆದರಿದ ಹಾಗೆ. ಹಿಂದಿನ ದಿನ ದಾರಿ ಕೇಳಲು ಫೋನು ಮಾಡಿದ ಹುಡುಗರಿಗೆ, ಬೊಟ್ಟಿಟ್ಟ ಕಲ್ಲು ಕಂಡಲ್ಲಿ ತಿರುಗಬೇಕು ಅಂತ ಹೇಳಿದವನು ನಾನೇ, ದೀಪಿಕಾಗೆ ತಿಳಿಸದೆ. ತಿರುಗಿದ್ದಾರೆ, ಪಾಪ. ಒಂದೊಂದು ಬೊಟ್ಟಿಗೂ.

ಎಳ್ಳಮಾಸಿ ದಿನ ಹೊಲಕ್ಕೆ ಬಂದವರನ್ನು ಉಣಿಸದೆ ಬಿಡುವ ಮಂದಿಯೇ ನಾವು? ಎಲ್ಲಿ ನೋಡಿದರೂ ಜೋಳದ ನಡುವೆ ಒಂದು ಹೆಲ್ಮೆಟ್ಟು, ಅದರ ಕೆಳಗೆ ಎಣ್ಣೆಗಾಯಿ ತಿನ್ನುವ ಬಾಯಿ. ಒಬ್ಬ ಹುಡುಗ ಮೂರನೆಯ ಹೊಲದಲ್ಲಿ ಹೋಳಿಗೆ ತಿನ್ನುತ್ತಿದ್ದ. “ಅಂಕಲ್, ಇದು ಎಷ್ಟನೇ ಗುಡಿ?” ಅಂದ. ಇನ್ನೊಬ್ಬ, ಹೊಲದ ತುಂಬ ಎಡೆಯ ಅನ್ನದ ಚರಗ ಚೆಲ್ಲುವವರ ಹಿಂದೆ ತಂಬಿಗೆ ಹಿಡಿದು ಭೂಮಿಗೆ ನೀರು ಹಾಕುತ್ತ ಹೊರಟಿದ್ದ. ಕೂಗಿದೆ. ಕೇಳಿಸಲಿಲ್ಲ. ಕಡಲೆ ಹೂವಿನ ಮೇಲೆ ಜೇನು ಗುಂಯ್ ಅನ್ನುತ್ತಿತ್ತು. ಬಿಸಿಲು ಮೆತ್ತಗಿತ್ತು. ಎಲ್ಲ ಯಾವುದೋ ನಿದ್ದೆಯೊಳಗೆ ನಡೆದ ಹಾಗೆ. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ನನಗೊಬ್ಬನಿಗೆ ಇತ್ತು.

ಯಂಕವ್ವನ ಹೊಲದಲ್ಲಿ ಬನ್ನಿ ಗಿಡಕ್ಕೆ ಒಂದು ಚಂದದ ಸೈಕಲ್ ಆನಿಸಿತ್ತು.

“ಬಾರೋ ಗುರುಬಸ್ಯಾ, ಉಣ್ಣಾಕ. ಸಾವಕಾಶ ಮಾತಾಡು. ನಿಮ್ಮ ಮೇಡಂ ಮಕ್ಕೊಂಡಾಳ.”

ಕಂಬಳಿಯ ಮೇಲೆ ಮೇಡಂ. ತಲೆಯ ಹತ್ತಿರ ಐದು ಪಾಂಡವರು. ಕೈಯಲ್ಲಿ ಅರ್ಧ ಕಡಿದ ಸಜ್ಜೆ ರೊಟ್ಟಿ.

“ಇಲ್ಲಿಗ್ಯಾಕ ಬಂದ್ರು ಇವ್ರು?”

“ನಮ್ಮ ಧರ್ಮರಾಯನ್ನ ನೋಡಿ ತಿರುಗಿ ಬಂದ್ಲು. ಇಟಗಿ ಈ ಕಡೆನಾ ಅಜ್ಜಿ ಅಂದ್ಲು. ಮೊದ್ಲ ಕುಂದ್ರು ಅಂದೆ. ಏನ್ ಸೊರಗ್ಯಾಳೋ ಪಾಪ, ಕೊಪ್ಪಳದಾಗ ಊಟ ಹಾಕಂಗಿಲ್ಲೇನು?”

ಎಬ್ಬಿಸಲು ಧೈರ್ಯ ಸಾಲಲಿಲ್ಲ. ಇಟಗಿಗೆ ಹೋದೆ.

ದೀಪಿಕಾ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹಾರಗಳು ಬಾಳೆ ಎಲೆಯಲ್ಲೇ ಬಾಡಿದ್ದವು. ಗುಡಿಯ ನೆರಳು ಉದ್ದವಾಗಿ ಅವಳನ್ನು ದಾಟಿ ಹೊಂಡದೊಳಗೆ ಇಳಿದಿತ್ತು.

“ಒಬ್ರೂ ಬರಲಿಲ್ಲ ಕಾಕಾ.”

ಪಾತರಗಿತ್ತಿ ಗೀತರಗಿತ್ತಿ ಏನೂ ನೆನಪಾಗಲಿಲ್ಲ. ಸೈಕಲ್ ಸ್ಟ್ಯಾಂಡ್ ಹಾಕಿದೆ. ಅವಳು ಒಂದು ಹಾರ ತೆಗೆದು ನನ್ನ ಸೈಕಲ್ ಹ್ಯಾಂಡಲ್ಲಿಗೆ ಹಾಕಿದಳು. “ನೀನಾದ್ರೂ ಬಂದೆಲ್ಲಾ.” ಆಮೇಲೆ ನನ್ನ ಕೈ ನೋಡಿ, “ಗಡಿಯಾರ?” ಅಂದಳು.

“ರಿಪೇರಿ.”

ಮೇಡಂ ಬಂದದ್ದು ಹೊತ್ತು ಮುಳುಗುವಾಗ, ಯಂಕವ್ವನ ಬಂಡಿಯಲ್ಲಿ, ಸೈಕಲ್ ಸಮೇತ. ಕೂದಲಲ್ಲಿ ಹುಲ್ಲು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ದೀಪಿಕಾ, ಹಳದಿ ಬಾಣ ಅಂತ ಬರೆದಿದ್ರಿ ಅಲ್ವಾ? ನಾನು ನೋಡಿದ್ದು ಬರೀ ಸುಣ್ಣದ ಕಲ್ಲು.”

“ಗುರುತು ಹಾಕ್ಸಿದ್ದು ನಾನ ಮೇಡಂ. ತಪ್ಪು ನಂದ.”

ಕಾಕಾನದು ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

“ಊಟ ತುಂಬಾ ಚೆನ್ನಾಗಿತ್ತು. ಆದ್ರೆ ನಾನು ಊಟಕ್ಕೆ ಬಂದಿರ್ಲಿಲ್ಲ. ಬಣ್ಣದ ಬಿಲ್ಲು, ಏನಾಯ್ತು ಅಂತ ಸರಿಯಾದ ಕಾರಣ, ಎರಡೂ ಸೋಮವಾರ ಬೇಕು. ಕಾರಣ ನಿಜ ಅನ್ನಿಸಿದ್ರೆ ಇನ್ನೊಂದು ರೈಡ್ ಇಡೋಣ. ಇಲ್ಲಾಂದ್ರೆ ಇಷ್ಟೇ.”

ಡಿಸೆಂಬರ್ 21, ಭಾನುವಾರ. ಸಂಜೆ

ವೆಂಕೋಬನಲ್ಲಿಗೆ ಹೋಗಿದ್ದೆ. ಗಲ್ಲಾದ ಮೇಲೆ ಕೂತಿದ್ದ. ಅವನ ಮುಂಗೈ ನೋಡಬಾರದು ಅಂದುಕೊಂಡು ಹೋಗಿದ್ದೆ, ನೋಡಿದೆ. ಹಸಿರು ಮುಳ್ಳು ಹೊಳೆಯುತ್ತಿತ್ತು.

“ಬಿಲ್ಲೇನು, ಗುರುತಿನವ್ರ ಅಂಗಡ್ಯಾಗ ಬರಸಿಕೊಡತೀನಿ ತಗೋ. ಆಯಿಲ್ ಪೇಂಟ್, ಹಳದಿ, ಇಷ್ಟು ಡಬ್ಬಿ. ಯಾರು ಹೊಲಕ್ಕ ಬಂದು ಕೆರದು ನೋಡತಾರ?”

“ಮೇಡಂ ನೋಡ್ಯಾಳಲ್ಲೋ. ಪಾಂಡವ್ರ ಪಕ್ಕಕ್ಕ ಮಕ್ಕೊಂಡು.”

“ಹಂಗಾರ ದೀಪಿಕಾ ಸಿಗಬೀಳತಾಳ, ನೀ ಅಲ್ಲ.”

ಗೆಳೆಯನೇ. ಚಹಾ ಕುಡಿಯದೆ ಎದ್ದು ಬಂದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದರೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡದೆ ಮಾತಾಡಿದಳು.

“ಅದು ಆಫೀಸಿನ ರೊಕ್ಕ ಅಲ್ರಿ.”

“ಯಾವುದು?”

“ಬಣ್ಣದ್ದು. ಬಿಲ್ ಕೊಟ್ಟ ಮ್ಯಾಲೆ ಆಫೀಸ್ನಾವ್ರು ಕೊಡತಾರಂತ. ಆಕಿ ಗೇರಿನ ಸೈಕಲ್ ತಗೊಳ್ಳಾಕ ಪಗಾರದಾಗ ಉಳಿಸಿ ಇಟ್ಟಿದ್ಳು. ಕಾಕಾನ ಹಿಂದ ಇಟಗಿ ತನಕ ತುಳಕೋತ ಹೋಗಬೇಕು ಅಂತಿದ್ಳು.” ರೊಟ್ಟಿ ತಿರುವಿ ಹಾಕಿದಳು. “ನೀವು ಏನ್ ಮಾಡೀರಿ ಅಂತ ನಾ ಕೇಳಂಗಿಲ್ಲ. ಆಕೀನೂ ಕೇಳಂಗಿಲ್ಲ. ಅದಕ್ಕ ನೀವ ಹೇಳಬೇಕು.”

ಸಣ್ಣಗೆ ಮಡಚಿದ ನೋಟು. ಆವತ್ತೇ ಕಂಡಿತ್ತು. ನೋಡಲಿಲ್ಲ.

ಡಿಸೆಂಬರ್ 22, ಸೋಮವಾರ. ಕೋಳಿ ಕೂಗಿದ ಮೇಲೆ

ಮೊದಲ ಬಸ್ಸಿಗೆ ಕೊಪ್ಪಳಕ್ಕೆ. ಮೇಡಂ ಮುಂದೆ, ದೀಪಿಕಾ ಮುಂದೆ ಹೇಳಬೇಕು. ಬಾಯಿಗೆ ರೂಢಿಯಿಲ್ಲ, ಅದಕ್ಕೆ ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಮೇಡಂ ಅವರೇ, ಈ ಸೀಮೆಯಲ್ಲೇ ಸೈಕಲ್ ವಿದ್ಯೆಗೆ ಹೆಸರಾದ ನಾನು—

ಬೇಡ.

ಮೇಡಂ ಅವರೇ, ಗುರುತು ಹಾಕಿದವನು ನಾನು. ದೀಪಿಕಾಗೆ ಸುಣ್ಣದ ವಿಷಯ ಗೊತ್ತಿರಲಿಲ್ಲ. ಪೇಂಟ್ ತರಲಿಲ್ಲ, ಅದಕ್ಕೆ ಬಿಲ್ಲಿಲ್ಲ. ರೊಕ್ಕ ಶರತ್ತಿನಲ್ಲಿ ಕಳೆದೆ. ಒಂದು ಪಾತರಗಿತ್ತಿ—

ಪಾತರಗಿತ್ತಿ ಇರಲಿಲ್ಲ. ಮುಕ್ಕಾಲು ಏರೂ ಅಲ್ಲ. ಕಾಲು ಏರು ಹತ್ತುವಷ್ಟರಲ್ಲಿ ಉಸಿರು ಹೋಯಿತು. ಹೋಟೆಲಿನ ಮಂದಿ ನಕ್ಕರು. ನಕ್ಕರು ಅಂತಲೇ ಮತ್ತೆ ಹತ್ತಿದೆ. ಮರುದಿನ ಹತ್ತಿದೆ. ಅದರ ಮರುದಿನ...

ಹೊರಗೆ ಮಂಜು. ಬದುವಿನ ಮೇಲೆ ನನ್ನದೊಂದು ಕಲ್ಲು ಇಲ್ಲಿಗೇ ಕಾಣುತ್ತಿದೆ. ಅದೋ, ಪಾಂಡವರಲ್ಲೊಬ್ಬನೋ. ಈಗ ನನಗೂ ತಿಳಿಯುವುದಿಲ್ಲ.

ಬಸ್ಸಿನ ಹಾರ್ನು, ದೂರದಲ್ಲಿ. ಬರೆದುಬಿಡುತ್ತೇನೆ.

ಐನೂರು ಅಲ್ಲ. ಇನ್ನೂರು ಹೋದದ್ದೂ ಅಲ್ಲ, ಉಳಿದದ್ದು. ಅದರಲ್ಲೇ ಸುಣ್ಣ ತಂದೆ. ಹೋದದ್ದು ನಾಲ್ಕು ಸಾವಿರದ ಎಂಟುನೂರು. ಮತ್ತೆ ಗಡಿಯಾರ—